ಹಳೆಯ ಸೆಸ್ನಾ 172: ಬಾಗಿಲಿನ ಸೀಲು ಬದಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಹಳೇರೆಕ್ಕೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 1964ರ ಸೆಸ್ನಾ 172, ನಾಲ್ಕು ಸೀಟಿನ ಸಣ್ಣ ವಿಮಾನ. ಎಂಜಿನ್ ಚೆನ್ನಾಗಿದೆ, ಹಾರಾಟ ಚೆನ್ನಾಗಿದೆ. ಆದರೆ ಬಾಗಿಲು ಮಾತ್ರ ಮಾನ ತೆಗೆಯುತ್ತಿದೆ. 80 ನಾಟ್ ದಾಟಿದ ಕೂಡಲೇ ಎಡಬಾಗಿಲ ಮೇಲ್ಭಾಗದಿಂದ ಸಿಳ್ಳೆ ಶುರುವಾಗುತ್ತದೆ. 100 ದಾಟಿದರೆ ಸಿಳ್ಳೆ ಹೋಗಿ ಊಳಿಡುತ್ತದೆ. ಹೆಡ್‌ಸೆಟ್ ಹಾಕಿಕೊಂಡರೂ ಕೇಳಿಸುತ್ತದೆ.

ಇನ್ನೊಂದು ಕಾಟ ಮಳೆಯದ್ದು. ವಿಮಾನ ಹೊರಗೆ ನಿಂತು ಒಂದು ಜೋರು ಮಳೆ ಬಂದರೆ ಬಲಗಡೆ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆ. ಹಿಂಡಿದರೆ ನೀರು ಬರುವಷ್ಟು.

ಸೀಲು ನೋಡಿದೆ. ಉಗುರಿನಿಂದ ಒತ್ತಿದರೆ ಒಣ ಬೆಲ್ಲದ ಅಚ್ಚಿನ ಹಾಗೆ ಪುಡಿಪುಡಿಯಾಗಿ ಉದುರಿತು. ಹಿಂದಿನ ಮಾಲೀಕರು ಯಾರೋ ಅದರ ಮೇಲೇ ಇನ್ನೊಂದು ಫೋಮ್ ಟೇಪ್ ಅಂಟಿಸಿದ್ದಾರೆ. ಅದರ ಮೇಲೆ ಇನ್ಯಾರೋ ಕಪ್ಪು ಅಂಟು ಬಳಿದಿದ್ದಾರೆ. ಅಗೆದರೆ ಒಂದೊಂದು ಪದರಕ್ಕೆ ಒಂದೊಂದು ಕಾಲದ ಇತಿಹಾಸ ಸಿಗುತ್ತದೆ.

ಎರಡೂ ಬಾಗಿಲಿಗೆ ಹೊಸ ಸೀಲು ತರಿಸಿ ಹಾಕಬೇಕೆಂದಿದ್ದೇನೆ. ಯಾವ ರಬ್ಬರ್ ತರಿಸಲಿ? ಯಾವ ಅಂಟು? ಕಿಟಕಿಗಳದ್ದೂ ಒಟ್ಟಿಗೆ ಮಾಡಿಬಿಡಲಾ?

ರಿವೆಟ್_ರಾಯ:

ಏನೂ ತರಿಸಬೇಡಿ ಸರ್. ಇನ್ನೂ ಅಲ್ಲ.

ಸಿಳ್ಳೆ ಎಡಬಾಗಿಲಲ್ಲಿ, ನೀರು ಬಲಗಡೆ. ಇವೆರಡೂ ಒಂದೇ ಕಾಯಿಲೆ ಅಂತ ಹೇಗೆ ಹೇಳ್ತೀರಿ? ಹಳೆಯ ವಿಮಾನದಲ್ಲಿ ಏನೇ ಸೋರಿದರೂ ಮೊದಲು ಬೈಸಿಕೊಳ್ಳುವುದು ಬಾಗಿಲಿನ ಸೀಲು, ಯಾಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ನಾನೂ ಹಾಗೇ ಮೋಸ ಹೋದವನು. ಎರಡು ಸಲ ಸೀಲು ಬದಲಿಸಿದೆ. ಮೂರನೇ ಸಲ ಬಾಗಿಲೇ ಸೊಟ್ಟಗಿದೆ ಅಂತ ಗೊತ್ತಾಯಿತು.

ಮೊದಲು ಕಾಗದದ ಪರೀಕ್ಷೆ ಮಾಡಿ. ಎರಡು ಬೆರಳಷ್ಟು ಅಗಲದ ಕಾಗದದ ಪಟ್ಟಿ ತಗೊಳ್ಳಿ. ಚೌಕಟ್ಟಿನ ಮೇಲಿಟ್ಟು ಬಾಗಿಲು ಹಾಕಿ, ಲ್ಯಾಚ್ ಪೂರ್ತಿ ಕೂರಿಸಿ. ಆಮೇಲೆ ಪಟ್ಟಿ ಎಳೆಯಿರಿ. ಬಿಗಿಯಾಗಿ ಜಾರಿದರೆ ಸೀಲು ಅಲ್ಲಿ ಒತ್ತುತ್ತಿದೆ. ಗಾಳಿಪಟದ ಬಾಲಂಗೋಚಿಯ ಹಾಗೆ ಸುಮ್ನೆ ಬಂದರೆ ಅಲ್ಲಿ ಒತ್ತಡವೇ ಇಲ್ಲ. ಕಿತ್ತರೂ ಬರದಿದ್ದರೆ ಅತಿಯಾಗಿ ಒತ್ತುತ್ತಿದೆ, ಅದೂ ಕೆಟ್ಟದ್ದೇ. ಒಂದೊಂದು ಗೇಣಿಗೆ ಒಮ್ಮೆ ಸುತ್ತಲೂ ಮಾಡಿ, ಚೌಕಟ್ಟಿನ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ.

ಕಬ್_ಮಾವ:

ನಮ್ಮ ಪೈಪರ್ ಜೆ-3 ಕಬ್‌ನಲ್ಲಿ ಈ ತೊಂದರೆಯೇ ಇಲ್ಲ. ಬಾಗಿಲಿನ ಮೇಲಿನ ಅರ್ಧ ಮೇಲಕ್ಕೆ, ಕೆಳಗಿನ ಅರ್ಧ ಕೆಳಕ್ಕೆ. ಎರಡೂ ತೆಗೆದುಕೊಂಡೇ ಹಾರೋದು. ಸೀಲು ಅಂದ್ರೆ ಏನು?

ಹಳೇರೆಕ್ಕೆ:

ಕಬ್ ಮಾವ, ಮಳೆಯಲ್ಲಿ ಒಮ್ಮೆ ಕೂರಿ, ಆಮೇಲೆ ಮಾತಾಡೋಣ :)

ರಾಯರೇ, ಪರೀಕ್ಷೆ ಮಾಡಿದೆ. ಎಡಬಾಗಿಲು: ಕೆಳಗಡೆ ಮತ್ತು ಹಿಂಜ್ ಕಡೆ ಬಿಗಿ. ಮೇಲಿನ ಹಿಂಮೂಲೆಯಲ್ಲಿ ಸುಮಾರು ಒಂದೂವರೆ ಗೇಣು ಉದ್ದಕ್ಕೆ ಪಟ್ಟಿ ತಾನಾಗೇ ಕೆಳಗೆ ಬಿತ್ತು. ಎಳೆಯುವ ಮೊದಲೇ. ಬಲಬಾಗಿಲು ನನಗೇ ಆಶ್ಚರ್ಯ, ಸುತ್ತಲೂ ಪರವಾಗಿಲ್ಲ. ರಬ್ಬರ್ ಗಟ್ಟಿಯಾಗಿದೆ, ಆದರೆ ತಾಗುತ್ತಿದೆ. ಹಾಗಾದರೆ ನೀರು ಎಲ್ಲಿಂದ?

ನೀಲಿ_ಲಾಗ್‌ಬುಕ್:

ನಾನು ಲೈಸೆನ್ಸ್ ಇರುವ ನಿರ್ವಹಣಾ ಎಂಜಿನಿಯರ್. ಇಂಥ ಬಾಗಿಲು ಎಷ್ಟೋ ನೋಡಿದ್ದೇನೆ. ನೀರಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಸಿಳ್ಳೆ.

ನೆಲದ ಮೇಲೆ ಕಾಗದ ಬಿಗಿಯಾಗಿದ್ದರೆ ಗಾಳಿಯಲ್ಲೂ ಬಿಗಿ ಅಂತ ಅಲ್ಲ. ಹೊರಗಿನ ಗಾಳಿ ಬಾಗಿಲನ್ನು ಒಳಕ್ಕೆ ತಳ್ಳುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಆಗುವುದು ಉಲ್ಟಾ. ಕ್ಯಾಬಿನ್ ಪಕ್ಕದಲ್ಲಿ, ರೆಕ್ಕೆಯ ಬುಡದ ಹತ್ತಿರ, ಗಾಳಿ ವೇಗವಾಗಿ ಓಡುವುದರಿಂದ ಅಲ್ಲಿ ಒತ್ತಡ ಕಡಿಮೆ. ಒಳಗಿನ ಒತ್ತಡ ಜಾಸ್ತಿ. ಹಾಗಾಗಿ ಬಾಗಿಲು ಹೊರಕ್ಕೆ ಸೆಳೆಯಲ್ಪಡುತ್ತದೆ. ಲೆಕ್ಕ ನೋಡಿ. 100 ನಾಟ್‌ನಲ್ಲಿ ಸಮುದ್ರಮಟ್ಟದಲ್ಲಿ ಗಾಳಿಯ ಚಲನೆಯ ಒತ್ತಡ ಸುಮಾರು 1600 ಪ್ಯಾಸ್ಕಲ್. ಒಳಗೂ ಹೊರಗೂ ಅದರ ಕಾಲು ಭಾಗದಷ್ಟೇ ವ್ಯತ್ಯಾಸ ಅಂತಿಟ್ಟುಕೊಳ್ಳಿ. ಮುಕ್ಕಾಲು ಚದರ ಮೀಟರ್ ಬಾಗಿಲಿಗೆ 30 ಕಿಲೋ ತೂಕ ನೇತು ಹಾಕಿದ ಹಾಗಾಯಿತು, ಹೊರಗಡೆಗೆ. ಲ್ಯಾಚ್ ಇರುವುದು ಬಾಗಿಲಿನ ನಡುವಿನ ಎತ್ತರದಲ್ಲಿ. ಮೇಲಿನ ಮೂಲೆಯನ್ನು ಹಿಡಿದುಕೊಳ್ಳಲು ಏನೂ ಇಲ್ಲ. ತಗಡು ಬಾಗುತ್ತದೆ, ಸಂದಿ ಬಿಡುತ್ತದೆ, ಸಿಳ್ಳೆ ಬರುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ತೆಳುವಾದ ಟಿಶ್ಯೂ ಕಾಗದದ ಒಂದು ಎಳೆ ತೆಗೆದುಕೊಂಡು ಹೋಗಿ. ಪಕ್ಕದಲ್ಲಿ ಇನ್ನೊಬ್ಬರು ಹಾರಿಸುತ್ತಿರಲಿ, ನೀವು ಆ ಎಳೆಯನ್ನು ಬಾಗಿಲಿನ ಅಂಚಿಗೆ ಹಿಡಿದು ನಿಧಾನವಾಗಿ ಸರಿಸಿ. ಗಾಳಿ ಹೊರಗೆ ಹೋಗುವ ಕಡೆ ಅದು ಸಂದಿಗೆ ಅಂಟಿಕೊಳ್ಳುತ್ತದೆ. ಒಳಗೆ ಬರುವ ಕಡೆ ನಿಮ್ಮ ಮುಖಕ್ಕೆ ಹಾರುತ್ತದೆ. ಬಾಗಿಲಿನ ಹೊರಗೆ ಟೇಪ್ ಸುತ್ತಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ತುರ್ತಿನಲ್ಲಿ ಅದೇ ಬಾಗಿಲಿಂದ ನೀವು ಹೊರಗೆ ಬರಬೇಕು.

ಕ್ರಮ ಹೀಗಿರಲಿ: ಹಿಂಜ್ ಪಿನ್ ಸವೆದಿದೆಯಾ ನೋಡಿ. ಬಾಗಿಲು ಅರ್ಧ ತೆರೆದು ತುದಿ ಹಿಡಿದು ಮೇಲೆ ಕೆಳಗೆ ಎತ್ತಿ. ಆಡಿದರೆ ಪಿನ್ ಬದಲಿಸಿ. ಆಮೇಲೆ ಲ್ಯಾಚ್. ಆಮೇಲೆ ಬಾಗಿಲಿನ ಆಕಾರ. ಸೀಲು ಕೊನೆಗೆ.

ಹಳೇರೆಕ್ಕೆ:

> ಆಮೇಲೆ ಬಾಗಿಲಿನ ಆಕಾರ

ಬಾಗಿಲು ಬಗ್ಗಿಸೋದಾ ಮೇಡಂ? ಮರದ ತುಂಡು ಸಿಕ್ಕಿಸಿ ಮಂಡಿ ಕೊಟ್ಟು ಒತ್ತಿದರೆ ಸರಿಹೋಗುತ್ತೆ ಅಂತ ಒಬ್ಬರು ಹೇಳಿದರು.

ನೀಲಿ_ಲಾಗ್‌ಬುಕ್:

ಒತ್ತುವವರಿದ್ದಾರೆ. ಒತ್ತಿದ ಮೇಲೆ ಕಿಟಕಿಯ ಮೂಲೆಯಲ್ಲಿ ಬಿರುಕು ಕಂಡು ನನ್ನ ಹತ್ತಿರ ಬಂದವರೂ ಇದ್ದಾರೆ. ನಿಮ್ಮ ಎಂಜಿನಿಯರ್ ಎದುರಿಗಿರಲಿ. ಕೂದಲೆಳೆಯಷ್ಟು ಒತ್ತು, ಬಾಗಿಲು ಹಾಕಿ ನೋಡು, ಮತ್ತೆ ಒತ್ತು. ಅವಸರ ಬೇಡ.

ಗ್ಯಾರೇಜ್_ಗಣಿ:

ಇಷ್ಟೆಲ್ಲ ಯಾಕೆ ಸ್ವಾಮಿ? ಕಾರಿನ ಬಾಗಿಲಿಗೆ ಹಾಕುವ ಬೀಡಿಂಗ್ ಸಿಗುತ್ತೆ. ದಪ್ಪ, ಮೆತ್ತಗೆ, ಒಳಗೆ ಟೊಳ್ಳು. ನಾನು ನನ್ನ ಪೈಪರ್ ಚೆರೊಕಿ ವಿಮಾನಕ್ಕೆ ಅದನ್ನೇ ಹಾಕಿದ್ದೆ. ಎರಡು ವರ್ಷ ಏನೂ ಆಗಲಿಲ್ಲ.

ರಿವೆಟ್_ರಾಯ:

ಎರಡು ವರ್ಷದ ಮೇಲೆ?

ಗ್ಯಾರೇಜ್_ಗಣಿ:

...ಮೇಲಿನ ಲ್ಯಾಚ್ ಹಾರಾಟದಲ್ಲಿ ಬಿಟ್ಟುಕೊಂಡಿತು. ಸರಿ, ಪೂರ್ತಿ ಹೇಳ್ತೀನಿ.

ಬೀಡಿಂಗ್ ದಪ್ಪ ಜಾಸ್ತಿ ಇತ್ತು. ಬಾಗಿಲು ಹಾಕಲು ಭುಜ ಕೊಟ್ಟು ಎಳೆಯಬೇಕಿತ್ತು. ಹಾಗೆ ದಿನಾ ಎಳೆದೂ ಎಳೆದೂ ಲ್ಯಾಚ್‌ನ ಕೊಕ್ಕೆ ಸವೆದಿತ್ತು. ಟೇಕಾಫ್ ಆಗಿ 500 ಅಡಿ ಏರಿರಲಿಲ್ಲ, ಡಬ್ ಅಂತ ಸದ್ದು. ಬಾಗಿಲ ಮೇಲ್ಭಾಗ ನಾಲ್ಕು ಬೆರಳು ತೆರೆದುಕೊಂಡಿತು. ಮಡಿಲಲ್ಲಿದ್ದ ನಕ್ಷೆ ಹೋಯಿತು. ಆ ಗದ್ದಲ ಹೇಳತೀರದು. ವಿಮಾನ ಮಾತ್ರ ತನ್ನ ಪಾಡಿಗೆ ಹಾರುತ್ತಿತ್ತು. ನಮ್ಮ ಗುರುಗಳು ಹೇಳಿಕೊಟ್ಟಿದ್ದು ಆಗ ನೆನಪಾಯಿತು: ಬಾಗಿಲು ತೆರೆದರೆ ಬಾಗಿಲು ನೋಡಬೇಡ, ವಿಮಾನ ಹಾರಿಸು. ಒಂದು ಸುತ್ತು ಹಾಕಿ ಇಳಿದೆ. ಆಮೇಲೆ ಬೀಡಿಂಗ್ ಕಿತ್ತು ಹಾಕಿದೆ.

ನೀಲಿ_ಲಾಗ್‌ಬುಕ್:

ಗಣಿಯವರೇ, ಒಪ್ಪಿಕೊಂಡು ಬರೆದಿದ್ದಕ್ಕೆ ಥ್ಯಾಂಕ್ಸ್. ಬಾಗಿಲು ತೆರೆದು ಸತ್ತವರಿಗಿಂತ, ತೆರೆದ ಬಾಗಿಲು ಮುಚ್ಚಲು ಹೋಗಿ ವಿಮಾನದ ಮೇಲೆ ಗಮನ ತಪ್ಪಿದವರದ್ದೇ ದೊಡ್ಡ ಚಿಂತೆ. ನೀವು ಮಾಡಿದ್ದೇ ಸರಿ.

ಕಾರಿನ ಬೀಡಿಂಗ್ ಬೇಡ ಅನ್ನಲು ದಪ್ಪ ಒಂದೇ ಕಾರಣವಲ್ಲ. ಕ್ಯಾಬಿನ್ ಒಳಗಿನ ಸಾಮಗ್ರಿ ಬೆಂಕಿಗೆ ಹೇಗೆ ವರ್ತಿಸುತ್ತದೆ ಅನ್ನುವುದಕ್ಕೆ ವಿಮಾನದಲ್ಲಿ ನಿಯಮ ಇದೆ. ಅಂಗಡಿಯ ಫೋಮ್ ಟೇಪಿಗೆ ಬೆಂಕಿ ಕಡ್ಡಿ ಹಿಡಿದು ನೋಡಿ, ಹನಿ ಹನಿಯಾಗಿ ಉರಿದು ಬೀಳುತ್ತದೆ. ಹೊರಗೆ, ಬಯಲಲ್ಲಿ ಮಾಡಿ, ವಿಮಾನದ ಹತ್ತಿರ ಅಲ್ಲ. ಆ ಮಾದರಿಗೆ ಒಪ್ಪಿಗೆ ಇರುವ ಸೀಲೇ ತರಿಸಿ. ತಯಾರಕರ ಭಾಗಗಳ ಪಟ್ಟಿಯಲ್ಲಿ ಯಾವ ಬಾಗಿಲಿಗೆ ಯಾವ ಆಕಾರದ ಸೀಲು ಅಂತ ಚಿತ್ರ ಸಮೇತ ಇರುತ್ತದೆ.

ಯಾರು ಹಾಕಬಹುದು ಅನ್ನುವುದು ವಿಮಾನ ಎಲ್ಲಿ ನೋಂದಣಿಯಾಗಿದೆ ಅನ್ನುವುದರ ಮೇಲಿದೆ. ಅಮೆರಿಕದ ನಿಯಮ, 14 ಸಿಎಫ್‌ಆರ್ ಭಾಗ 43ರ ಅನುಬಂಧ ಎ, ಪೈಲಟ್ ಆಗಿರುವ ಮಾಲೀಕ ತಾನೇ ಮಾಡಬಹುದಾದ ಸಣ್ಣ ಕೆಲಸಗಳ ಪಟ್ಟಿ ಕೊಡುತ್ತದೆ. ಪಕ್ಕದ ಕಿಟಕಿ ಬದಲಿಸುವುದು ಅದರಲ್ಲಿದೆ, ಆದರೆ ವಿಮಾನದ ರಚನೆಗೂ ಕಂಟ್ರೋಲ್, ವಿದ್ಯುತ್ ಮುಂತಾದ ವ್ಯವಸ್ಥೆಗೂ ಕೈ ತಾಗದಿದ್ದರೆ ಮಾತ್ರ. ಮುಂದಿನ ಗಾಜು ಆ ಪಟ್ಟಿಯಲ್ಲಿಲ್ಲ. ಬೇರೆ ಕಡೆ ಬೇರೆ ನಿಯಮ. ಕೆಲಸ ಶುರು ಮಾಡುವ ಮುಂಚೆ ನಿಮ್ಮ ಎಂಜಿನಿಯರ್ ಜೊತೆ ಮಾತಾಡಿ, ಮುಗಿದ ಮೇಲೆ ಲಾಗ್‌ಬುಕ್‌ನಲ್ಲಿ ಬರೆಸಿ.

ಮೋಡದ_ಮೇಲೆ:

ಇಲ್ಲಿ ಯಾರೂ ಇನ್ನೂ ಹೇಳದ ಒಂದು ಮಾತು. ಸಿಳ್ಳೆ ಕಿರಿಕಿರಿ, ನೀರು ಖರ್ಚು. ಪ್ರಾಣಕ್ಕೆ ಬರುವುದು ಹೊಗೆ.

ಎಂಜಿನ್ನಿನ ಹೊಗೆಕೊಳವೆ ಇರುವುದು ಮೂಗಿನ ಕೆಳಗೆ. ಹೊಗೆ ಹೊಟ್ಟೆಯ ಉದ್ದಕ್ಕೂ ಹಿಂದೆ ಹರಿಯುತ್ತದೆ. ಬಾಗಿಲ ಮೇಲಿಂದ ಗಾಳಿ ಹೊರಗೆ ಹೋದರೆ ಅದರ ಜಾಗ ತುಂಬಲು ಇನ್ನೆಲ್ಲಿಂದಲೋ ಒಳಗೆ ಬರಲೇಬೇಕಲ್ವಾ? ಬಾಗಿಲಿನ ಕೆಳಗಿನ ಮುಂಮೂಲೆ ಹರಿದಿದ್ದರೆ ಅಲ್ಲಿಂದ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್ ಗೋಡೆಯಲ್ಲಿ ಕೇಬಲ್ ಹಾಯುವ ತೂತಿನ ರಬ್ಬರ್ ಹೋಗಿದ್ದರೆ ಅಲ್ಲಿಂದ.

ನನಗೆ ಒಮ್ಮೆ ಆಗಿದೆ. ಚಳಿಗಾಲ, ಹೀಟರ್ ಪೂರ್ತಿ ಹಾಕಿದ್ದೆ. ಒಂದು ಗಂಟೆ ಹಾರಿದ ಮೇಲೆ ಹಣೆ ಭಾರ, ರೇಡಿಯೋದಲ್ಲಿ ಹೇಳಿದ್ದು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ನಿದ್ದೆ ಸಾಲದು ಅಂದುಕೊಂಡೆ. ಪ್ಯಾನೆಲ್ ಮೇಲೆ ಅಂಟಿಸಿದ್ದ ಕಾರ್ಬನ್ ಮಾನಾಕ್ಸೈಡ್ ಕಾರ್ಡಿನ ಚುಕ್ಕೆ ಕಪ್ಪಾಗಿತ್ತು. ಹೀಟರ್ ಬಂದ್ ಮಾಡಿ, ಹೊರಗಾಳಿಯ ವೆಂಟ್ ಎಲ್ಲ ತೆರೆದು, ಹತ್ತಿರದ ರನ್‌ವೇಗೆ ಇಳಿದೆ. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಕೆಳಗಿಳಿದ ಕೂಡಲೇ ಸರಿಹೋಗುವುದಿಲ್ಲ, ಸಂಜೆವರೆಗೂ ತಲೆನೋವಿತ್ತು.

ತಪಾಸಣೆಯಲ್ಲಿ ಹೀಟರಿನ ಹೊದಿಕೆಯೊಳಗೆ ಮಫ್ಲರ್ (ಹೊಗೆ ಹಾಯುವ ಡಬ್ಬ, ಹೀಟರ್ ಗಾಳಿ ಕಾಯುವುದು ಅದರ ಸುತ್ತಲೇ) ಬಿರುಕು ಬಿಟ್ಟಿದ್ದು ಸಿಕ್ಕಿತು. ಜೊತೆಗೆ ಬಾಗಿಲಿನ ಕೆಳಮೂಲೆಯ ಸೀಲು ಬೆರಳು ತೂರುವಷ್ಟು ಹರಿದಿತ್ತು. ಅಂದಿನಿಂದ ಶಬ್ದ ಮಾಡುವ ಬ್ಯಾಟರಿ ಮೀಟರ್ ಇಟ್ಟುಕೊಂಡಿದ್ದೇನೆ. ಕಾರ್ಡ್ ಕೂಗುವುದಿಲ್ಲ.

ಹಳೇರೆಕ್ಕೆ:

ಇದನ್ನು ಓದಿ ತಕ್ಷಣ ಹೋಗಿ ಕೆಳಗಿನ ಮೂಲೆ ನೋಡಿದೆ. ಎಡಗಡೆ ಸೀಲಿನ ಎರಡು ತುದಿ ಸೇರುವ ಜಾಗ ಅಲ್ಲೇ ಇದೆ. ನಡುವೆ ಒಂದು ಬೆರಳಗಲ ಬಾಯಿ ಬಿಟ್ಟಿದೆ. ಮೀಟರ್ ತರಿಸಿದ್ದೇನೆ.

ರಿವೆಟ್_ರಾಯ:

ಅದು ರಬ್ಬರ್ ಕುಗ್ಗಿದ್ದಲ್ಲ, ಹಾಕಿದವರು ಎಳೆದು ಹಾಕಿದ್ದು. ಎಳೆದ ರಬ್ಬರ್ ನಿಧಾನವಾಗಿ ತನ್ನ ಉದ್ದಕ್ಕೆ ವಾಪಸ್ ಬರುತ್ತದೆ, ತುದಿಗಳು ದೂರ ಹೋಗುತ್ತವೆ. ಮೂಲೆಗಳಲ್ಲೂ ಅದೇ, ಅಂಟು ಬಿಟ್ಟು ಮೂಲೆ ಕತ್ತರಿಸಿ ಅಡ್ಡ ಬರುತ್ತದೆ. ಸೀಲು ಹಾಕುವಾಗ ಎಳೆಯಲೇಬಾರದು. ಬದಲಿಗೆ ಸ್ವಲ್ಪ ಹಿಂದಕ್ಕೆ ತಳ್ಳಿ ಕೂರಿಸಬೇಕು.

ಹಳೇರೆಕ್ಕೆ:

ಹಿಂಜ್ ಪಿನ್ ಬದಲಾಯಿತು. ಎಂಜಿನಿಯರ್ ಬಂದು ಬಾಗಿಲ ಮೇಲ್ಭಾಗ ಸ್ವಲ್ಪ ಸರಿ ಮಾಡಿದರು. ಹಳೇ ಸೀಲು ಇದ್ದಂತೆಯೇ ಹಾರಿಸಿ ನೋಡಿದೆ. ನಂಬ್ತೀರೋ ಇಲ್ವೋ, ಊಳು ಹೋಗಿದೆ! ಸಣ್ಣ ಸಿಳ್ಳೆ ಮಾತ್ರ ಉಳಿದಿದೆ.

ಈಗ ಸೀಲಿಗೆ ಬರೋಣ. ನಿಯೋಪ್ರೀನ್ ಸ್ಪಾಂಜ್ ಒಂದು, ಸಿಲಿಕೋನ್ ಒಂದು, ಎರಡು ಬಗೆ ರಬ್ಬರ್ ಸಿಗುತ್ತಿವೆ. ಯಾವುದು?

ರಿವೆಟ್_ರಾಯ:

ಸಿಲಿಕೋನ್. ಚಳಿಗೂ ಬಿಸಿಲಿಗೂ ಮೆತ್ತಗೇ ಇರುತ್ತದೆ. ಓಝೋನ್‌ಗೆ ಬಿರಿಯುವುದಿಲ್ಲ. ನನ್ನದು ಎಷ್ಟೋ ವರ್ಷದಿಂದ ಹಾಗೇ ಇದೆ.

ಗ್ಯಾರೇಜ್_ಗಣಿ:

ನಿಯೋಪ್ರೀನ್. ಸಿಲಿಕೋನ್ ಬೆಲ್ಟ್ ಬಕಲ್ ಸಿಕ್ಕಿಕೊಂಡರೆ ಹರಿಯುತ್ತೆ. ಅದೂ ಅಲ್ಲದೆ ಅದಕ್ಕೆ ಸಾಮಾನ್ಯ ಅಂಟು ಹಿಡಿಯಲ್ಲ. ನಿಯೋಪ್ರೀನ್‌ಗೆ ರಬ್ಬರ್ ಅಂಟು ಹಾಕಿದರೆ ಆನೆ ಎಳೆದರೂ ಬರಲ್ಲ.

ನೀಲಿ_ಲಾಗ್‌ಬುಕ್:

ಇಬ್ಬರೂ ಸರಿ. ಜಗಳ ಬೇಡ.

ಬಾಗಿಲಿನ ಹೊಸ್ತಿಲ ಮೇಲೆ ಕಾಲಿಟ್ಟು ಹತ್ತುವವರು, ಬೆಲ್ಟ್ ಹೊರಗೆ ನೇತುಬಿಟ್ಟು ಬಾಗಿಲು ಹಾಕುವವರು ಜಾಸ್ತಿ ಇದ್ದರೆ ನಿಯೋಪ್ರೀನ್. ಜೋಪಾನವಾಗಿ ಬಳಸುವ ಮಾಲೀಕರೊಬ್ಬರೇ ಆದರೆ ಸಿಲಿಕೋನ್ ಬಾಳಿಕೆ ಬರುತ್ತದೆ. ಇಪಿಡಿಎಂ ಅನ್ನುವ ಇನ್ನೊಂದು ರಬ್ಬರ್ ಕೂಡ ಸಿಗುತ್ತದೆ, ಬಿಸಿಲಿಗೆ ಗಟ್ಟಿ, ಆದರೆ ಪೆಟ್ರೋಲ್, ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಯಾವುದೇ ಸ್ಪಾಂಜ್ ಆದರೂ ಒಳಗಿನ ಗುಳ್ಳೆಗಳು ಮುಚ್ಚಿರುವ ಬಗೆಯೇ ಆಗಿರಬೇಕು. ಗುಳ್ಳೆ ತೆರೆದಿದ್ದರೆ ನೀರು ಕುಡಿದುಕೊಂಡು ಅಲ್ಯೂಮಿನಿಯಮ್‌ಗೆ ಅಂಟಿ ಕೂರುತ್ತದೆ.

ಅಂಟಿನ ವಿಷಯ ಮುಖ್ಯ. ನಿಯೋಪ್ರೀನ್‌ಗೆ ತ್ರೀಎಂ 1300 ಎಲ್ ಥರದ ರಬ್ಬರ್ ಅಂಟು. ಸಿಲಿಕೋನ್ ಸೀಲಿಗೆ ಸಿಲಿಕೋನ್ ಅಂಟೇ ಬೇಕು, ಬೇರೆ ಯಾವುದೂ ನಿಲ್ಲುವುದಿಲ್ಲ. ಆದರೆ ಟ್ಯೂಬ್ ಮೂಗಿನ ಹತ್ತಿರ ಹಿಡಿದು ನೋಡಿ. ವಿನೆಗರ್ ವಾಸನೆ ಬಂದರೆ ಪಕ್ಕಕ್ಕಿಡಿ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಲೋಹ ತಿನ್ನುತ್ತದೆ. ಆಮ್ಲ ಬಿಡದ ನ್ಯೂಟ್ರಲ್ ಬಗೆ ಸಿಗುತ್ತದೆ, ಅದನ್ನೇ ತನ್ನಿ. ಇನ್ನೊಂದು: ಮುಂದೆ ವಿಮಾನಕ್ಕೆ ಬಣ್ಣ ಹೊಡೆಸುವ ಯೋಚನೆ ಇದ್ದರೆ ಮೊದಲು ಬಣ್ಣ, ಆಮೇಲೆ ಸಿಲಿಕೋನ್. ಸಿಲಿಕೋನ್ ಸೋಕಿದ ಜಾಗದಲ್ಲಿ ಬಣ್ಣ ಮೀನಿನ ಕಣ್ಣಿನ ಹಾಗೆ ಗುಂಡಗುಂಡಗೆ ಬಿಟ್ಟುಕೊಳ್ಳುತ್ತದೆ.

ಹೊಸಹುರುಪು:

ನಾನು ಸೆಸ್ನಾ 150 ಇಟ್ಟುಕೊಂಡಿದ್ದೇನೆ. ಹಳೇ ಅಂಟು ತೆಗೆಯೋದು ಹೇಗೆ? ಎಂಇಕೆ ಅನ್ನುವ ಜೋರು ದ್ರಾವಕ ಹಾಕಿದರೆ ಬೇಗ ಹೋಗುತ್ತೆ ಅಂತ ಕೇಳಿದೆ.

ರಿವೆಟ್_ರಾಯ:

ಹೋಗುತ್ತೆ. ಅಂಟು ಹೋಗುತ್ತೆ, ಬಣ್ಣ ಹೋಗುತ್ತೆ, ಕಿಟಕಿಯೂ ಹೋಗುತ್ತೆ.

ನಾನು ಮಾಡಿದ ಘನಕಾರ್ಯ ಹೇಳ್ತೀನಿ. ಬಾಗಿಲಿನ ಅಂಚು ಒರೆಸುತ್ತಿದ್ದೆ. ಎಂಇಕೆ ಬಟ್ಟೆಯಿಂದ ಒಂದೇ ಒಂದು ಹನಿ ಕಿಟಕಿಯ ಕೆಳಗಂಚಿಗೆ ಜಾರಿತು. ಒರೆಸಿದೆ, ಏನೂ ಆಗಿಲ್ಲ ಅನ್ನಿಸಿತು. ಒಂದು ಚಹಾ ಕುಡಿದು ಬರುವಷ್ಟರಲ್ಲಿ ಆ ಜಾಗದಲ್ಲಿ ಜೇಡ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಗೀರು. ಗಾಜು ಅಂತ ನಾವು ಕರೆಯುವುದು ಗಾಜಲ್ಲ, ಅಕ್ರಿಲಿಕ್. ಅಸಿಟೋನ್, ಎಂಇಕೆ, ಥಿನ್ನರ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಯಾವುದೂ ಅದರ ಹತ್ತಿರ ಬರಬಾರದು. ಆ ಬಲೆ ಪಾಲಿಶ್‌ಗೆ ಹೋಗುವುದಿಲ್ಲ, ಒಳಗೇ ಇರುತ್ತದೆ.

ಕಿಟಕಿ ಪೂರ್ತಿ ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ. ಮೊದಲು ಪ್ಲಾಸ್ಟಿಕ್ ಅಥವಾ ಮರದ ಚಪ್ಪಟೆ ಕಡ್ಡಿಯಿಂದ ಕೆರೆಯಿರಿ. ಉಕ್ಕಿನ ಬ್ಲೇಡ್ ಬೇಡ. ವಿಮಾನದ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಮ್‌ನ ತೆಳುವಾದ ಪದರ ಇರುತ್ತದೆ, ತುಕ್ಕು ತಡೆಯುವುದು ಅದೇ. ಗೀರಿದರೆ ಅದೇ ಮೊದಲು ಹೋಗುವುದು. ಉಳಿದ ಅಂಟಿಗೆ ನ್ಯಾಫ್ತಾ (ಪೆಟ್ರೋಲ್ ಜಾತಿಯ ದ್ರಾವಕ) ಅದ್ದಿದ ಬಟ್ಟೆ ಹಾಕಿ ಹತ್ತು ನಿಮಿಷ ಬಿಡಿ, ಬೆರಳಲ್ಲಿ ಉಜ್ಜಿದರೆ ಉಂಡೆ ಉಂಡೆಯಾಗಿ ಬರುತ್ತದೆ. ಬೇಜಾರಿನ ಕೆಲಸ. ನನಗೆ ಒಂದು ಬಾಗಿಲಿಗೆ ಎರಡು ದಿನ ಹಿಡಿಯಿತು. ಹೊಸ ಸೀಲು ಅಂಟಿಸಿದ್ದು ಒಂದೂವರೆ ಗಂಟೆಯಲ್ಲಿ.

ಬಾಗಿಲುಗಳು ತೆರೆದಿರಲಿ, ಗಾಳಿ ಆಡಲಿ. ನ್ಯಾಫ್ತಾ ಬೆಂಕಿಗೆ ಕಾದು ಕೂತಿರುತ್ತದೆ.

ಹಳೇರೆಕ್ಕೆ:

ಸೀಲು ಕಿತ್ತೆ. ಎಡಬಾಗಿಲಿನ ಕೆಳಗಂಚಿನಲ್ಲಿ, ಹಳೇ ಫೋಮ್ ಇದ್ದ ಕಡೆ, ಬಿಳಿ ಹಿಟ್ಟಿನ ಥರ ಪುಡಿ. ಬಣ್ಣ ಗುಳ್ಳೆ ಎದ್ದಿದೆ. ಒಂದು ಅಂಗೈಯಷ್ಟು ಜಾಗ.

ನೀಲಿ_ಲಾಗ್‌ಬುಕ್:

ಅದು ಅಲ್ಯೂಮಿನಿಯಮ್‌ನ ತುಕ್ಕು. ಮುಚ್ಚಿ ಅಂಟಿಸಬೇಡಿ. ಎಂಜಿನಿಯರ್‌ಗೆ ತೋರಿಸಿ. ಮೇಲುಮೇಲಿದ್ದರೆ ಕೆರೆದು, ತೊಳೆದು, ಪ್ರೈಮರ್ ಹೊಡೆದು ಮುಗಿಸಬಹುದು. ಆಳಕ್ಕಿಳಿದಿದ್ದರೆ ತಗಡಿನ ದಪ್ಪ ಅಳೆಯಬೇಕು. ಹಾಗೇ ಬಾಗಿಲಿನ ಕೆಳಗಂಚಿನ ನೀರು ಹೋಗುವ ತೂತು ಹುಡುಕಿ. ಹತ್ತಕ್ಕೆ ಎಂಟು ವಿಮಾನದಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೇ ಅಂಟು ಬಳಿದಿರುತ್ತಾರೆ.

ಹಳೇರೆಕ್ಕೆ:

ಬಳಿದಿದ್ದಾರೆ. ಕಡ್ಡಿ ಚುಚ್ಚಿದೆ, ಕಂದು ನೀರು ತೊಟ್ಟಿಕ್ಕಿತು. ತಗಡು ಮೇಲುಮೇಲೇ ಹಾಳಾಗಿದ್ದು, ಬಚಾವು.

ನೀಲಿ_ಲಾಗ್‌ಬುಕ್:

ಈಗ ನಿಮ್ಮ ಬಲಗಡೆಯ ನೀರು. ಸೀಟು, ಕಾರ್ಪೆಟ್, ಬಾಗಿಲ ಕಂಬದ ಪಕ್ಕದ ಪ್ಲಾಸ್ಟಿಕ್ ಹೊದಿಕೆ ಎಲ್ಲ ತೆಗೆಯಿರಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಲಿ. ಜೋರಾಗಿ ಚಿಮ್ಮಿಸಬೇಡಿ, ಸುಮ್ನೆ ಹರಿಯಬೇಕು. ಎತ್ತರ, ವೇಗ ತೋರಿಸುವ ಮೀಟರ್‌ಗಳಿಗೆ ಗಾಳಿಯ ಒತ್ತಡ ಕೊಡುವ ಸ್ಟ್ಯಾಟಿಕ್ ತೂತು ಮತ್ತು ಪಿಟೋ ಕೊಳವೆಯ ಹತ್ತಿರ ನೀರು ಬೇಡ, ಮುಚ್ಚಿದ್ದರೆ ಆಮೇಲೆ ತೆಗೆಯುವುದು ಮರೆಯಬೇಡಿ. ಕೆಳಗಿಂದ ಶುರು ಮಾಡಿ ಮೇಲೆ ಹೋಗಿ. ಬಾಗಿಲಿನ ಕೆಳಗಂಚು ಐದು ನಿಮಿಷ. ಆಮೇಲೆ ನಡು. ಆಮೇಲೆ ಬಾಗಿಲ ಮೇಲಂಚು. ಕಡೆಗೆ ಮುಂದಿನ ಗಾಜಿನ ಅಂಚು, ರೆಕ್ಕೆಯ ಬುಡ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವುದು ಯಾವುದೋ ಗೊತ್ತಾಗುವುದಿಲ್ಲ.

ಹಳೇರೆಕ್ಕೆ:

ನಿನ್ನೆ ಮಾಡಿದೆವು. ನನ್ನ ಮಗಳು ಒಳಗೆ ಟಾರ್ಚ್ ಹಿಡಿದು ಕೂತಿದ್ದಳು. ಬಾಗಿಲ ಸುತ್ತ ಕಾಲು ಗಂಟೆ ನೀರು ಬಿಟ್ಟೆ, ಒಂದು ಹನಿ ಇಲ್ಲ. ಮುಂದಿನ ಗಾಜಿನ ಬಲಮೇಲ್ಮೂಲೆಗೆ ಪೈಪ್ ಹಿಡಿದೆ. ಅಲ್ಲಿ ಗಾಜು ರೆಕ್ಕೆಯ ಬುಡದ ಹೊದಿಕೆಯ ಕೆಳಗೆ ಸೇರುತ್ತದೆ. ಅರ್ಧ ನಿಮಿಷಕ್ಕೆ "ಅಪ್ಪಾ, ಬಂತು!" ಅಂದಳು. ಹನಿ ಕಂಬದ ಒಳಗಡೆಯಿಂದ ಇಳಿದು, ಹೊದಿಕೆಯ ಹಿಂದೆ ಹರಿದು, ನೇರವಾಗಿ ಕಾರ್ಪೆಟ್ ಕೆಳಗೆ ಹೋಗುತ್ತಿತ್ತು. ಅದರ ದಾರಿಯಲ್ಲಿ ಕಂದು ಗೆರೆ ಬಿದ್ದಿದೆ, ಅಂದರೆ ವರ್ಷಗಟ್ಟಲೆಯಿಂದ ಹೀಗೇ.

ಬಲಬಾಗಿಲ ಸೀಲಿನ ಮೇಲೆ ಇಷ್ಟು ದಿನ ಸುಮ್ನೆ ಅಪವಾದ ಹೊರಿಸಿದ್ದೆ.

ಮೋಡದ_ಮೇಲೆ:

ಅಲ್ಲೇ ಮೇಲಿರುವ ದುಂಡನೆಯ ಗಾಳಿ ವೆಂಟ್ ಕೂಡ ನೋಡಿ. ಅದರ ಓ-ರಿಂಗ್ (ರಬ್ಬರ್ ಬಳೆ) ಹೋಗಿದ್ದರೆ ಸಿಳ್ಳೆಯೂ ಬರುತ್ತೆ, ಮಳೆಯಲ್ಲಿ ಮಂಡಿ ಮೇಲೆ ನೀರೂ ತೊಟ್ಟಿಕ್ಕುತ್ತೆ. ನಿಮ್ಮ ಉಳಿದ "ಸಣ್ಣ ಸಿಳ್ಳೆ" ಅದೇ ಇರಬಹುದು. ಹಾಗೇ 172ರಲ್ಲಿ 1963ರಿಂದ ಹಿಂಭಾಗಕ್ಕೂ ಕಿಟಕಿ ಬಂದಿದೆ. ಅದರ ಕೆಳಗಂಚೂ ಸೋರುವ ಜಾಗ, ಸಾಮಾನು ಇಡುವ ಗೂಡಿನ ನೆಲ ಮುಟ್ಟಿ ನೋಡಿ.

ಹೊಸಹುರುಪು:

ಗಾಜಿನ ಅಂಚಿಗೆ ಸಿಲಿಕೋನ್ ಹಚ್ಚಿ ಮುಚ್ಚಿಬಿಟ್ಟರೆ ಆಗಲ್ವಾ?

ನೀಲಿ_ಲಾಗ್‌ಬುಕ್:

ಆಗಲ್ಲ. ಅಕ್ರಿಲಿಕ್ ಶಾಖಕ್ಕೆ ಹಿಗ್ಗುವುದು ಅಲ್ಯೂಮಿನಿಯಮ್‌ಗಿಂತ ಸುಮಾರು ಮೂರು ಪಟ್ಟು. 60 ಸೆಂಟಿಮೀಟರ್ ಕಿಟಕಿಗೆ 40 ಡಿಗ್ರಿ ವ್ಯತ್ಯಾಸ ಆದರೆ ಕಿಟಕಿ ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ, ಚೌಕಟ್ಟು ಅರ್ಧ ಮಿಲಿಮೀಟರ್. ಆ ಒಂದು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಅದಕ್ಕೇ ಸುತ್ತ ಜಾಗ ಬಿಟ್ಟು, ಫೆಲ್ಟ್ (ಒತ್ತಿದ ಉಣ್ಣೆಯ ದಪ್ಪ ಬಟ್ಟೆ) ಅಥವಾ ಫೋಮ್ ಪಟ್ಟಿಯೊಳಗೆ ಕಿಟಕಿ ಜಾರಾಡುವಂತೆ ಕೂರಿಸಿರುತ್ತಾರೆ. ಗಟ್ಟಿಯಾಗಿ ಅಂಟಿಸಿದರೆ ಅಥವಾ ಸ್ಕ್ರೂ ಪೂರ್ತಿ ಬಿಗಿದರೆ ಮೂಲೆಯಿಂದ ಬಿರುಕು ಬರುತ್ತದೆ. ಅಷ್ಟೇ ಅಲ್ಲ, ಮೇಲಿಂದ ಬಳಿದ ಸಿಲಿಕೋನ್ ನೀರನ್ನು ಒಳಗೇ ಕೂಡಿಹಾಕುತ್ತದೆ.

ಹಳೆಯ ಫೆಲ್ಟ್ ಒಂದು ಸಲ ನೆನೆದರೆ ವಾರಗಟ್ಟಲೆ ಒದ್ದೆ. ಹಳೇರೆಕ್ಕೆಯವರೇ, ಆ ಮೂಲೆಯ ಹೊದಿಕೆ ಬಿಚ್ಚಿಸಿ ಪಟ್ಟಿ ಬದಲಿಸಿ, ಅಕ್ರಿಲಿಕ್‌ಗೆ ಹೊಂದುವ ಸೀಲಂಟ್ ಹಾಕಿಸಿ. ಮುಂದಿನ ಗಾಜಿನ ಕೆಲಸ, ನೀವೇ ಮಾಡಬೇಡಿ. ಬಾಗಿಲು ಮಾತ್ರ ನಿಮ್ಮ ಕೈಗೆ.

ಹಳೇರೆಕ್ಕೆ:

ಒಪ್ಪಿದೆ. ಎಡಬಾಗಿಲಿಗೆ ನಿಯೋಪ್ರೀನ್ ಬಂದಿದೆ, ಡಿ ಆಕಾರದ್ದು. ಹಾಕುವಾಗ ಏನಾದರೂ ಗುಟ್ಟು ಇದೆಯಾ?

ರಿವೆಟ್_ರಾಯ:

ಮೊದಲು ಅಂಟಿಲ್ಲದೆ, ಅಲ್ಲಲ್ಲಿ ಪೇಪರ್ ಟೇಪ್ ಹಾಕಿ ಸುತ್ತಲೂ ಕೂರಿಸಿ ಬಾಗಿಲು ಹಾಕಿ ನೋಡಿ. ಹಿಡಿಕೆ ಒಂದು ಕೈಯಲ್ಲಿ ತಿರುಗಬೇಕು. ಒಳಗಿಂದಲೂ ಹೊರಗಿಂದಲೂ. ತಿರುಗದಿದ್ದರೆ ಸೀಲು ದಪ್ಪ, ಅಲ್ಲಿಗೇ ನಿಲ್ಲಿಸಿ. ಹಿಂಜ್ ಕಡೆ ಸೀಲು ಉಜ್ಜಿಕೊಂಡು ಮಡಚಿಕೊಳ್ಳುತ್ತದಾ, ಇಲ್ಲ ನೇರವಾಗಿ ಒತ್ತಿಕೊಳ್ಳುತ್ತದಾ ನೋಡಿ. ಮಡಚಿಕೊಂಡರೆ ಅಕ್ಕಿಕಾಳಿನಷ್ಟು ಆಚೆ ಸರಿಸಿದರೂ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಒಪ್ಪಿಗೆಯಾದ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ.

ಅಂಟು ಎರಡೂ ಕಡೆ ತೆಳುವಾಗಿ ಹಚ್ಚಿ, ತಗಡಿಗೂ ರಬ್ಬರಿಗೂ. ಬೆರಳಿಗೆ ಅಂಟಂಟು ಅನ್ನಿಸಬೇಕು, ಆದರೆ ಬೆರಳ ಜೊತೆ ಬರಬಾರದು. ಆಗ ಕೂರಿಸಿ. ಒಂದು ಸಲಕ್ಕೆ ಒಂದು ಮೊಳ ಸಾಕು. ಜೋಡಣೆ ಕೆಳಗಂಚಿನ ನಡುವೆ ಬರಲಿ, ಮೂಲೆಯಲ್ಲಿ ಅಲ್ಲ. ತುದಿ ಓರೆಯಾಗಿ ಕತ್ತರಿಸಿ, ಒಂದು ಬೆರಳಿನ ಅಗಲದಷ್ಟು ಉದ್ದ ಉಳಿಸಿಕೊಂಡು ಒತ್ತಿ ಸೇರಿಸಿ. ಮತ್ತೆ ಆ ತೂತು ಮುಚ್ಚಬೇಡಿ!

ಗ್ಯಾರೇಜ್_ಗಣಿ:

ಬಾಗಿಲು ಹಾಕುವ ಮುಂಚೆ ಚೌಕಟ್ಟಿಗೆ ಮೇಣದ ಕಾಗದ ಇಡಿ. ಅಂಟು ಒಂಚೂರು ಹೊರಗೆ ಬಂದಿದ್ದರೂ ಬಾಗಿಲು ವಿಮಾನಕ್ಕೇ ಅಂಟಿಕೊಳ್ಳುತ್ತೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಕಬ್_ಮಾವ:

ಕೇಳ್ತೀವಿ.

ಗ್ಯಾರೇಜ್_ಗಣಿ:

ಸಾಮಾನು ಗೂಡಿನ ಬಾಗಿಲಿಂದ ತೂರಿ ಒಳಗೆ ಹೋಗಿ ಒದ್ದು ತೆಗೆದೆ ಮಾವ. ನೆಂಟರೆಲ್ಲ ನೋಡ್ತಾ ಇದ್ದರು.

ಹಳೇರೆಕ್ಕೆ:

ಮೂರು ವಾರದ ಮೇಲೆ ವರದಿ.

ಎಡಬಾಗಿಲಿನ ಹೊಸ ಸೀಲು ಕೂತಿದೆ. ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಟಾಲ್ಕಂ ಪೌಡರ್ ಸವರಿ, ಕಾಗದದ ಪರೀಕ್ಷೆ ಮಾಡಿದೆ. ಸುತ್ತಲೂ ಒಂದೇ ಬಿಗಿ. ಗಾಜಿನ ಮೂಲೆ ಎಂಜಿನಿಯರ್ ಸರಿ ಮಾಡಿಕೊಟ್ಟರು. ಹೊದಿಕೆಯ ಕೆಳಗೆ ಫೆಲ್ಟ್ ಪಾಚಿ ಹಿಡಿದ ಬತ್ತಿಯ ಹಾಗಿತ್ತು. ವೆಂಟ್‌ನ ಓ-ರಿಂಗ್ ಎರಡೂ ಬದಲಾದವು, ಮೋಡದ ಮೇಲೆಯವರು ಹೇಳಿದ್ದು ನಿಜ, ಸಣ್ಣ ಸಿಳ್ಳೆ ಅದೇ. ಲಾಗ್‌ಬುಕ್‌ಗೆ ಸಹಿ ಆಯಿತು. 110 ನಾಟ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮೀಟರ್ ಸೊನ್ನೆ ತೋರಿಸುತ್ತಿದೆ.

ಒಂದು ಹೊಸ ವಿಚಿತ್ರ. ಹೀಟರ್ ಮೊದಲಿನಷ್ಟು ಬೆಚ್ಚಗೆ ಬರುತ್ತಿಲ್ಲ.

ನೀಲಿ_ಲಾಗ್‌ಬುಕ್:

ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಬಿಸಿಗಾಳಿ ಒಳಗೆ ಹೇಗೆ ಬರುತ್ತದೆ? ಇಷ್ಟು ದಿನ ಆ ಹರಕು ಸೀಲೇ ನಿಮ್ಮ ಕಿಂಡಿಯಾಗಿತ್ತು. ಆದರೆ ಅದೇ ಅಂತ ತೀರ್ಮಾನಿಸುವ ಮುಂಚೆ ಹೀಟರಿನ ಮೆದುಗೊಳವೆ, ಕೇಬಲ್, ಹೊದಿಕೆ ನೋಡಿಸಿ. ಇನ್ನೊಂದು, ಹೊರಗಿನ ಸ್ಟ್ಯಾಟಿಕ್ ತೂತು ಕಟ್ಟಿಕೊಂಡಾಗ ಬಳಸುವ ಪರ್ಯಾಯ ಸ್ಟ್ಯಾಟಿಕ್ ಇದ್ದರೆ ಅದು ಕ್ಯಾಬಿನ್ ಗಾಳಿಯನ್ನೇ ಓದುವುದು. ಒಳಗಿನ ಒತ್ತಡ ಈಗ ಬದಲಾಗಿರಬಹುದು. ಒಳ್ಳೆ ಹವೆಯ ದಿನ ಅದನ್ನು ತೆರೆದು ಆಲ್ಟಿಮೀಟರ್, ಏರ್‌ಸ್ಪೀಡ್ ಎಷ್ಟು ಆಚೀಚೆ ಆಗುತ್ತವೆ ಬರೆದಿಟ್ಟುಕೊಳ್ಳಿ, ಕೈಪಿಡಿಯ ಪಟ್ಟಿಗೆ ಹೋಲಿಸಿ.

ಹಳೇರೆಕ್ಕೆ:

ಭಾನುವಾರ ಎರಡನ್ನೂ ನೋಡ್ತೀನಿ. ಬಲಬಾಗಿಲಿನ ಸೀಲು ಇನ್ನೂ ಪೊಟ್ಟಣದಲ್ಲೇ ಇದೆ. ಹಳೇದು ಗಟ್ಟಿಯಾಗಿದ್ದರೂ ಕೆಲಸ ಮಾಡುತ್ತಿದೆ, ಪಾಪ. ಹೆಬ್ಬೆರಳ ಮೇಲಿನ ಅಂಟು ಹೋದ ಮೇಲೆ ಶುರು ಮಾಡ್ತೀನಿ.